ಮುತ್ಯಾನ ಹಣೆಯ ಬಿಳಿ

ಐದು ವರ್ಷದ ಹಿಂದಿನ ಮಾತು. ಆಗ ನಾನು ಉಮರ್ಗಾದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಶಿಕ್ಷಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಈ ನೌಕರಿಗೆ ನಾನು ತಡವಾಗಿ ಬಂದವನು. ಮೂವತ್ತರ ಹತ್ತಿರ ಬರುವ ತನಕ ತುರೋರಿಯ ಹೆದ್ದಾರಿ ಪಕ್ಕದಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದೆ. ಹದಿನೇಳು ನಂಬರಿನ ಫಾರ್ಮ್ ತುಂಬಿ, ಅಂದರೆ ಶಾಲೆಗೆ ಹೋಗದೆ ಹೊರಗಿನಿಂದ ಪರೀಕ್ಷೆಗೆ ಕುಳಿತು, ಇಪ್ಪತ್ತೇಳನೆಯ ವಯಸ್ಸಿಗೆ ಹತ್ತನೆಯದು ಪಾಸಾದೆ. ಆಮೇಲೆ ಆರ್ಟ್ ಟೀಚರ್ ಡಿಪ್ಲೊಮಾ ಮಾಡಿದೆ. ಹೀಗೆ ಓದಿ ಬಂದವನಿಗೆ ಊರಿನವರು ‘ಸರ್’ ಎಂದು ಕರೆದರೆ ಬಹಳ ಹಿತವೆನಿಸುತ್ತದೆ. ನನಗೂ ಹಾಗೇ ಇತ್ತು. ಈ ಪ್ರಕರಣದಲ್ಲಿ ನಾನು ತಪ್ಪಿದ್ದು ಅದಕ್ಕಾಗಿಯೇ.

ಶ್ರಾವಣದ ಒಂದು ಗುರುವಾರ ಮಧ್ಯಾಹ್ನ ಇಬ್ಬರು ಅಣ್ಣತಮ್ಮಂದಿರು ಡ್ರಾಯಿಂಗ್ ಹಾಲಿಗೆ ಬಂದರು. ಬಂದದ್ದು ಬೇರೆ ಬೇರೆ ಮೋಟರ್‌ಸೈಕಲ್ ಮೇಲೆ. ಅಣ್ಣ ಸಿದ್ರಾಮಪ್ಪ ದಾಳಿಂಬ ಎಂಬ ಊರಿನಲ್ಲಿ ಹೊಲ ಮಾಡುವವನು. ತಮ್ಮ ಬಸವರಾಜ ನಿಲಂಗಾದಲ್ಲಿ ನೀರಿನ ಪಂಪುಗಳ ಅಂಗಡಿ ಇಟ್ಟವನು. ಚಾದರದಲ್ಲಿ ಸುತ್ತಿ ತಂದಿದ್ದ ಹಳೆಯ ತಸಬೀರನ್ನು ಬಸವರಾಜ ನನ್ನ ಮೇಜಿನ ಮೇಲೆ ಬಿಚ್ಚಿದ.

“ನೋಡ್ರಿ ಸರ್, ನಮ್ಮ ಮುತ್ಯಾನ ಮಾರಿ ಏನ್ ಮಾಡ್ಯಾಳ ನಮ್ಮ ವೈನಿ. ಮಜ್ಜಿಗಿ ಉಗ್ಗಿದಂಗ ಆಗ್ಯಾದ.”

“ಏ, ಹಗೂರ ಮಾತಾಡು. ಸಾಲಿ ಅದ ಇದು,” ಎಂದ ಸಿದ್ರಾಮಪ್ಪ.

“ಸಾಲಿ ಅದ ಅಂತೇ ಬಂದೀನಿ. ನಿನ್ನ ಮನ್ಯಾಗ ನ್ಯಾಯ ಎಲ್ಲದ?”

ಅದು ಅವರ ಅಜ್ಜ ಶಿವಲಿಂಗಪ್ಪನ ಚಿತ್ರ. ನಿಜಾಮರ ಕಾಲದಲ್ಲಿ ಉದಗೀರ ಕಡೆಯ ಒಬ್ಬ ಚಿತ್ರಕಾರ ಅವರ ಮನೆಯಲ್ಲೇ ಎಂಟು ದಿನ ಉಳಿದು, ಉಂಡು, ಬರೆದುಕೊಟ್ಟು ಹೋಗಿದ್ದನಂತೆ. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಅದಕ್ಕೊಂದು ಪಾಳಿ ಮಾಡಿಕೊಂಡಿದ್ದರು. ಒಂದು ವರ್ಷ ಅಣ್ಣನ ಮನೆಯ ದೇವರ ಜಗಲಿಯ ಮೇಲೆ, ಒಂದು ವರ್ಷ ತಮ್ಮನ ಮನೆಯಲ್ಲಿ. ಶ್ರಾವಣದ ಕಡೆಯ ಸೋಮವಾರ ತಸಬೀರು ಮನೆ ಬದಲಿಸುತ್ತಿತ್ತು. ಆ ವರ್ಷ ನಿಲಂಗಾದ ಪಾಳಿ. ಸರಿಯಾಗಿ ಎಂಟು ದಿನ ಮೊದಲು ಸಿದ್ರಾಮಪ್ಪನ ಹೆಂಡತಿ ಶರಣವ್ವ ಗಾಜು ಸೀಳಿದೆಯೆಂದು ಚಿತ್ರವನ್ನು ಚೌಕಟ್ಟಿನಿಂದ ತೆಗೆದು, ದೇವರ ಸಾಮಾನು ಒರೆಸುವ ಒದ್ದೆ ಬಟ್ಟೆಯಿಂದಲೇ ಒರೆಸಿಬಿಟ್ಟಿದ್ದಳು.

“ನಮಗ ಸಿಗಬಾರ್ದಂತ ತೊಳದಾಳ,” ಎಂದ ಬಸವರಾಜ. “ಬೇಕಂತ ಕೆಡಿಸ್ಯಾಳೋ, ತಾನೇ ಹಾಳಾಗ್ಯಾದೋ, ನೀವು ಕಾಗದದ ಮ್ಯಾಲ ಬರಕೊಡ್ರಿ. ಸೋಮವಾರ ಐದು ಮಂದಿ ಹಿರಿಯರಿಗಿ ಕರದೀನಿ. ಅವರ ಮುಂದ ಆಕಿ ತಪ್ಪಾಯ್ತಂತ ಮುತ್ಯಾನ ಕಾಲಿಗಿ ಬೀಳ್ಬೇಕು.”

“ನಿಮ್ಮ ಮನಿಯವ್ರು ಏನಂತಾರ?” ಎಂದು ಅಣ್ಣನನ್ನು ಕೇಳಿದೆ.

“ಏನಂತಾಳ! ಒರಸೀನಿ, ಕೆಡಿಸಿಲ್ಲ ಅಂತಾಳ. ಇದು ಮುಗಿಯೋ ತನಕ ದೇವರ ಜಗಲಿ ಮುಟ್ಟಬ್ಯಾಡ ಅಂತ ಹೇಳೀನಿ.”

ಶರಣವ್ವ ಆಳಂದ ಕಡೆಯಿಂದ ಮದುವೆಯಾಗಿ ಬಂದವಳು. ಬಂದಂದಿನಿಂದ ಆ ಜಗಲಿಯ ಪೂಜೆ ಅವಳದೇ. ನಲವತ್ತು ದಾಟಿದ ಹೆಂಗಸನ್ನು ಅವಳ ಮನೆಯ ದೇವರಿಂದಲೇ ದೂರ ಕೂರಿಸಿ ಗಂಡ ಹೀಗೆ ನೆಲ ನೋಡುತ್ತ ನಿಂತಿದ್ದು ನನಗೆ ಸಿಟ್ಟು ತರಿಸಿತು. ಆ ಸಿಟ್ಟು ಅವನ ಮೇಲೆ ಇಟ್ಟುಕೊಂಡೇ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಇಲ್ಲಿ ಜಲವರ್ಣದ ಬಗ್ಗೆ ನಾಲ್ಕು ಮಾತು ಹೇಳಬೇಕು. ನಮ್ಮ ಹಳೆಯ ದರಬಾರಿ ಚಿತ್ರಕಾರರು ಕಲ್ಲು, ಮಣ್ಣು, ಗಿಡದ ಬಣ್ಣಗಳನ್ನು ಅರೆದು ಜಾಲಿಯಂಥ ಮರದ ಅಂಟು ಕಲಸಿ ಕಾಗದದ ಮೇಲೆ ದಪ್ಪಗೆ ಕೂರಿಸುತ್ತಿದ್ದರು. ಬಿಳಿಯನ್ನೂ ಬಣ್ಣವಾಗಿಯೇ ಹಚ್ಚುತ್ತಿದ್ದರು. ಇಂಗ್ಲಿಷರು ಬಂದಾಗ ಇನ್ನೊಂದು ಪದ್ಧತಿ ಬಂತು. ಬಣ್ಣವನ್ನು ನೀರಿನಲ್ಲಿ ತೆಳ್ಳಗೆ ಮಾಡಿ, ಕೆಳಗಿನ ಕಾಗದ ಕಾಣುವಂತೆ ಒಂದರ ಮೇಲೊಂದು ಎಳೆಯುವುದು. ಇದಕ್ಕೆ ವಾಶ್ ಎನ್ನುತ್ತಾರೆ. ಈ ಪದ್ಧತಿಯಲ್ಲಿ ಬಿಳಿ ಬೇಕಾದಲ್ಲಿ ಬಣ್ಣ ಹಚ್ಚದೆ ಕಾಗದವನ್ನು ಖಾಲಿ ಬಿಡಬೇಕು. ದರಬಾರುಗಳು ಬಡವಾದ ಮೇಲೆ ಎರಡನ್ನೂ ಕಲಿತ ಚಿತ್ರಕಾರರು ಹೊಟ್ಟೆಪಾಡಿಗೆ ಹಳ್ಳಿ ಹಳ್ಳಿ ತಿರುಗಿ ಗೌಡರ, ಸ್ವಾಮಿಗಳ ಮುಖ ಬರೆದರು. ಕ್ಯಾಮರಾ ಬಂದು ಅವರನ್ನೂ ಮುಗಿಸಿತು. ಅವರಲ್ಲಿ ಬಹುತೇಕರ ಹೆಸರು ಯಾರಿಗೂ ಗೊತ್ತಿಲ್ಲ.

ಲಾರಿ ಪೇಂಟರಿನ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಕಪ್ಪು ಮೊದಲು, ಬಿಳಿ ಕಡೆಗೆ. ಎಲ್ಲ ಮುಗಿದ ಮೇಲೆ ಬಿಳಿಯ ಚುಕ್ಕೆ ಇಟ್ಟರೆ ಲಾರಿಯ ಮೇಲೆ ಬರೆದ ಹದ್ದಿನ ಕಣ್ಣಿಗೆ ಜೀವ ಬರುತ್ತದೆ.

ಮುತ್ಯಾನ ಹಣೆಯ ವಿಭೂತಿ, ರುಮಾಲು, ಕಣ್ಣಿನ ಬಿಳಿಭಾಗ ಕರಗಿ ಮೀಸೆಯ ತನಕ ಇಳಿದಿದ್ದವು. ಎಡಗಣ್ಣು ಮಾತ್ರ ಒರೆಸುವಾಗ ಉಳಿದುಕೊಂಡಿತ್ತು. ಅದರಲ್ಲಿ ಒಂದು ದೊಡ್ಡ ಬಿಳಿ ಚುಕ್ಕೆ, ಅದರ ಕೆಳಗೆ ಬಾಲವಿರುವ ಸಣ್ಣ ಚುಕ್ಕೆ. ಹಾಗೆ ಎರಡು ಚುಕ್ಕೆ ಇಡುತ್ತಿದ್ದವನು ತುರೋರಿಯಲ್ಲಿ ಒಬ್ಬನೇ ಇದ್ದ. ಅದು ನಾನು.

ನೆನಪಾಯಿತು. ಮೂವತ್ತು ವರ್ಷದ ಹಿಂದೆ ಇವರ ತಂದೆ ಇದೇ ತಸಬೀರು ಹಿಡಿದು ಬಂದಿದ್ದರು. “ವಿಭೂತಿ ಮಾಸ್ಯಾದಪ್ಪಾ, ಜರಾ ಬೆಳ್ಳಗ ಮಾಡಿಕೊಡು” ಎಂದಿದ್ದರು. ವಿಭೂತಿ ಮಾಸಿರಲಿಲ್ಲ. ಆ ಚಿತ್ರಕಾರ ಮೂರು ಗೆರೆ ಖಾಲಿ ಬಿಟ್ಟ ಕಾಗದ ಹೊಗೆ ಹಿಡಿದು ಹಳದಿಯಾಗಿತ್ತು. ನನಗೆ ಅದು ತಿಳಿಯುವಷ್ಟು ವಿದ್ಯೆ ಇರಲಿಲ್ಲ. ಸಫೇದಾ ಎಂಬ ಬಿಳಿ ಬಣ್ಣದ ಪುಡಿಗೆ ಅಂಟಿನ ನೀರು ಕಲಸಿ ಮೂರು ಗೆರೆ ಎಳೆದೆ. ಅವು ಹೊಳೆದಾಗ ಉಳಿದ ಮುಖ ಮಂಕಾಗಿ ಕಂಡಿತು. ಅದಕ್ಕೆ ರುಮಾಲು ಬೆಳ್ಳಗೆ ಮಾಡಿದೆ, ಕಣ್ಣು ಅಗಲ ಮಾಡಿದೆ, ಕೆನ್ನೆಗೂ ಬಿಳಿ ಕಲಸಿದ ಬಣ್ಣ ಹಚ್ಚಿದೆ. ಅವರು ಖುಷಿಯಿಂದ ಒಯ್ದಿದ್ದರು.

ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಆಗಲೇ ಹೇಳಬೇಕಿತ್ತು. “ಬಾರೀಕಾಗಿ ನೋಡಬೇಕಾಗ್ತದ. ಸೋಮವಾರ ನಾನೇ ತರ್ತೀನಿ,” ಎಂದೆ.

ಶುಕ್ರವಾರ ಶಾಲೆ ಮುಗಿದ ಮೇಲೆ ಭೂತಗನ್ನಡಿ ಹಿಡಿದು ಕುಳಿತೆ. ನನ್ನ ಬಿಳಿಯ ಕೆಳಗೆ ಹೊಗೆಯ ಹಳದಿಯೂ ನೊಣದ ಚುಕ್ಕೆಗಳೂ ಇದ್ದವು. ಚಿತ್ರ ಹಳೆಯದಾದ ಮೇಲೆ ಬಿಳಿ ಬಿದ್ದಿದೆ ಎನ್ನಲು ಬೇರೆ ಪುರಾವೆ ಬೇಕಿರಲಿಲ್ಲ. ಹಾಗಿದ್ದರೂ ಶನಿವಾರ ನಾನು ಬರೆದದ್ದು ಹೀಗೆ: “ಚಿತ್ರವು ಬಹಳ ಹಳೆಯದಾದ ಕಾರಣ ಮಳೆಗಾಲದ ತಂಪಿನಿಂದ ಹಾಳಾಗಿದೆ. ಯಾರ ತಪ್ಪೂ ಇಲ್ಲ.” ಶರಣವ್ವನೂ ಉಳಿಯುತ್ತಾಳೆ, ನಾನೂ ಉಳಿಯುತ್ತೇನೆ ಎಂದು ಸಮಾಧಾನ ಮಾಡಿಕೊಂಡು ಜೇಬಿನಲ್ಲಿಟ್ಟುಕೊಂಡೆ.

ಸೋಮವಾರ ಬೆಳಿಗ್ಗೆ ದಾಳಿಂಬಕ್ಕೆ ಹೋದಾಗ ಪಡಸಾಲೆಯಲ್ಲಿ ಐದು ಜನ ಹಿರಿಯರು ಕುಳಿತಿದ್ದರು. ಶರಣವ್ವ ಹೊಸ್ತಿಲಿನ ಆಚೆ, ಅಂಗಳದ ಕಟ್ಟೆಯ ಮೇಲೆ ಒಬ್ಬಳೇ. ಪೂಜೆಗೆ ನಿಲಂಗಾದಿಂದ ಬಂದ ಬಸವರಾಜನ ಹೆಂಡತಿ ಒಳಗೆ ಓಡಾಡುತ್ತಿದ್ದಳು. ನಾನು ಕಾಗದ ತೆಗೆದು ಓದಿದೆ. ‘ಯಾರ ತಪ್ಪೂ ಇಲ್ಲ’ ಎನ್ನುವಷ್ಟರಲ್ಲಿ ಬಸವರಾಜ ಎದ್ದ.

“ಎಷ್ಟ್ ಛಲೋ ಬರದೀರಿ ಸರ್! ಅಣ್ಣ ಬಂದು ಕೈಕಾಲು ಹಿಡದನೇನು?”

ಆಗ ಶರಣವ್ವ ಕುಳಿತಲ್ಲಿಂದಲೇ ಮಾತಾಡಿದಳು. “ಸರ್, ನಾ ಒದ್ದಿ ಅರಿವಿಲೆ ಒರಸಿದ್ದು ಖರೆ ಅದ. ತಂಪಿಲೆ ಹಾಳಾಗ್ಯಾದಂತ ಸುಳ್ಳ ಬರದು ನನಗ ಉಳಿಸಬ್ಯಾಡ್ರಿ. ನಾ ಒರಸೋ ತನಕ ಅದು ಬರೋಬರ್ ಇತ್ತು. ಒರಸಿದ ಕೂಡ್ಲೇ ಬಿಳೀದು ಹಾಲಿನಂಗ ಇಳೀತು. ಅದು ಯಾಕ ಇಳೀತು, ಅಷ್ಟೇ ಹೇಳ್ರಿ.”

ಇಷ್ಟು ನೇರವಾದ ಪ್ರಶ್ನೆಯನ್ನು ನನ್ನ ನೌಕರಿಯಲ್ಲಿ ಯಾವ ಇನ್‌ಸ್ಪೆಕ್ಟರೂ ಕೇಳಿರಲಿಲ್ಲ. ಕಾಗದ ಹರಿದೆ. ಕಡ್ಡಿಗೆ ಹತ್ತಿ ಸುತ್ತಿ, ನೀರಿನಲ್ಲಿ ಅದ್ದಿ ಹಿಂಡಿ, ಎಲ್ಲರ ಮುಂದೆ ಮುತ್ಯಾನ ಹಣೆಯ ಮೇಲೆ ಮೆಲ್ಲಗೆ ಉರುಳಿಸಿದೆ. ಹತ್ತಿಗೆ ಬಿಳಿ ಹತ್ತಿತು. ಎರಡನೆಯ ಹತ್ತಿ, ಮೂರನೆಯದು. ಕೆಳಗಿನಿಂದ ಮೂರು ಹಳದಿ ಗೆರೆ ಎದ್ದವು. ಸುತ್ತಲಿನ ಚರ್ಮದ ಕಂದು ಬಣ್ಣ ಸ್ವಲ್ಪ ಸಡಿಲಾದರೂ ಕಾಗದ ಬಿಡಲಿಲ್ಲ. ಬಲಗಣ್ಣು, ಕೆನ್ನೆಗಳ ಮೇಲೂ ಹಾಗೇ ಉರುಳಿಸಿದೆ.

“ಇದು ಆ ಚಿತ್ರಕಾರನ ಕೈ. ಈ ಬಿಳೀದು ನಂದು,” ಎಂದೆ. “ನಿಮ್ಮ ಅಪ್ಪಾಜಿ ತುರೋರಿಗಿ ತಂದಿದ್ರು. ನಾ ಲಾರಿಗಿ ಹಚ್ಚಿದಂಗ ಹಚ್ಚೀನಿ. ಬರೇ ಅಂಟಿನ ನೀರಾಗ ಕಲಸಿದ್ದು, ನೀರು ಬಿದ್ರ ನಿಲ್ಲೋದಿಲ್ಲ. ಈ ತಂಗಿ ಒರಸಿದ್ದು ನನ್ನ ಬಣ್ಣಾರಿ.”

ಒಬ್ಬ ಹಿರಿಯ ಬಾಯಿಯ ಎಲೆಯಡಿಕೆ ಪಕ್ಕಕ್ಕೆ ತಳ್ಳಿ, “ಅಂದ್ರ ಮೂವತ್ತು ವರ್ಷ ಇವರು ಮಾಸ್ತರನ ಸಫೇದಾಕ್ಕ ಕೈ ಮುಗದಾರ ಅನ್ನು,” ಎಂದು ನಕ್ಕ. ಬೇರೆ ಯಾರೂ ನಗಲಿಲ್ಲ.

ಬಸವರಾಜ ನನ್ನ ಹತ್ತಿರ ಬಂದ. “ನಮ್ಮಪ್ಪ ಸತ್ತು ಹನ್ನೆರಡು ವರ್ಷಾತು. ಅಂವನ ಮ್ಯಾಲ ಹಾಕ್ತೀಯೇನು? ಲಾರಿಗಿ ಬಣ್ಣ ಬಳಿಯೋ ಮನಷ್ಯಾ ನೀ. ನಿನಗ ಸರ್ ಅಂದಿದ್ದು ನಮ್ದೇ ತಪ್ಪು.”

ನಾನು ಚಿತ್ರವನ್ನು ಅಲ್ಲಿದ್ದ ಮೇಜಿನ ಮೇಲೆ ಸಿದ್ರಾಮಪ್ಪನ ಕಡೆ ತಿರುಗಿಸಿಟ್ಟೆ.

ಸಿದ್ರಾಮಪ್ಪ ಚಿತ್ರವನ್ನು ಬಹಳ ಹೊತ್ತು ನೋಡಿದ. ತೊಳೆದ ಕಡೆ ಸಣ್ಣ ಕಣ್ಣಿನ, ಕಪ್ಪು ಮುಖದ, ದಣಿದ ಒಬ್ಬ ರೈತ ಕಾಣುತ್ತಿದ್ದ. “ಇಂವಾ ನಮ್ಮ ಮುತ್ಯಾ ಅಲ್ಲ,” ಎಂದ. “ನಮ್ಮ ಮುತ್ಯಾ ಬೆಳ್ಳಗಿದ್ದ. ಆಗಿದ್ದಾಗ್ಲಿ, ಮೊದಲಿನಂಗ ಮಾಡಿ ಕೊಡ್ರಿ.” ಬೆಳಗಿನಿಂದ ಮುಖ ತಿರುಗಿಸಿ ಕುಳಿತಿದ್ದ ಅಣ್ಣತಮ್ಮಂದಿರು ಆ ಒಂದು ಮಾತಿನಲ್ಲಿ ಒಂದಾದರು. “ಹೌದು, ಮಾಡಿಕೊಡು. ಕೆಡಿಸಿದಾಂವ ನೀನೇ,” ಎಂದ ಬಸವರಾಜ.

“ಮಾಡೋದಿಲ್ಲ,” ಎಂದೆ. “ಒಮ್ಮೆ ಕೆಡಿಸೀನಿ. ಸಾಕು.”

ಬೈಗುಳ ಶುರುವಾಯಿತು. ಶಾಲೆಗೆ ಅರ್ಜಿ ಕೊಡುತ್ತೇನೆ ಎಂದ ತಮ್ಮ. ಆಮೇಲೆ ಕೊಟ್ಟೂಬಿಟ್ಟ. ಹೆಡ್‌ಮಾಸ್ತರರ ಮುಂದೆ ನಾನು ಲಿಖಿತ ಉತ್ತರ ಬರೆಯಬೇಕಾಯಿತು. ಆದರೆ ಆ ಗದ್ದಲದಲ್ಲಿ ಯಾರೂ ಶರಣವ್ವನಿಗೆ ಒಂದು ಮಾತು ಹೇಳಲಿಲ್ಲ. ತಪ್ಪಾಯಿತು ಎನ್ನುವುದಿರಲಿ, ಒಳಗೆ ಬಾ ಎಂದು ಕೂಡ ಕರೆಯಲಿಲ್ಲ.

ಅವಳೇ ಎದ್ದು ಬಂದಳು. ನನ್ನ ಮುಂದೆ ನಿಂತು ಕೇಳಿದಳು: “ಗುರುವಾರ ನೋಡಿದ ಕೂಡ್ಲೇ ನಿಮಗ ನಿಮ್ಮ ಕೈ ಗುರ್ತ ಸಿಕ್ಕಿತ್ತಲ್ರೀ?”

“ಸಿಕ್ಕಿತ್ತವ್ವಾ.”

“ನಾಕು ದಿನ. ಶ್ರಾವಣದಾಗ ನಾಕು ದಿನ ಹೊರಗ ಕುಂತೀನಿ, ನಿಮ್ಮ ಮರ್ಯಾದಿ ಸಲುವಾಗಿ.”

ನಾನು ಕೈ ಮುಗಿದೆ. ಅವಳು ನೋಡಲಿಲ್ಲ. ಮೇಜಿನ ಮೇಲಿದ್ದ ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗಿನ ಹೊಸ್ತಿಲು ದಾಟಿ ದೇವರ ಜಗಲಿಯತ್ತ ನಡೆದಳು. “ತಡಿ, ಹಿರಿಯರು ಇನ್ನಾ ಹೇಳಿಲ್ಲ,” ಎಂದ ಗಂಡ. ಅವಳು ನಿಲ್ಲಲಿಲ್ಲ. ಬಸವರಾಜನ ಹೆಂಡತಿ ಜಗಲಿಯ ಮುಂದಿನಿಂದ ಸರಿದಳು. ಒಳಗಿನಿಂದ ಪೂಜೆಯ ತಂಬಿಗೆಗೆ ನೀರು ತುಂಬುವ ಸಪ್ಪಳ ಕೇಳಿಸಿತು. ನನಗೆ ಯಾರೂ ಚಹಾ ಕೊಡಲಿಲ್ಲ. ನಾನೂ ಕಾಯಲಿಲ್ಲ.

ತಸಬೀರು ಅಂದು ನಿಲಂಗಾಕ್ಕೆ ಹೋಗಲಿಲ್ಲ. ಆ ಮುಖ ತನಗೆ ಬೇಡ ಎಂದು ಬಸವರಾಜ ಬಿಟ್ಟುಹೋದನಂತೆ. ಅಣ್ಣತಮ್ಮಂದಿರು ಈಗಲೂ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ. ನಾನು ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತಾರೆ. ಶರಣವ್ವನೂ ಅಷ್ಟೇ.

ಬಣ್ಣದ ತಪ್ಪು ನಾನು ತಿಳಿಯದೆ ಮಾಡಿದ್ದು. ಅದಕ್ಕೆ ನನ್ನನ್ನು ನಾನು ಹೇಗೋ ಕ್ಷಮಿಸಿಕೊಂಡೇನು. ಆ ನಾಲ್ಕು ದಿನಗಳನ್ನು ತಿಳಿದೇ ತೆಗೆದುಕೊಂಡಿದ್ದೆ. ಪರಿಣತ ಎಂದು ನಂಬಿ ಯಾರಾದರೂ ನಮ್ಮ ಬಾಗಿಲಿಗೆ ಬಂದಾಗ, ನಾವು ತಡ ಮಾಡುವ ಒಂದೊಂದು ದಿನವನ್ನೂ ಬೇರೆ ಯಾರೋ ಅನುಭವಿಸುತ್ತಿರುತ್ತಾರೆ. ನನ್ನ ಕೆಲಸ ನನಗೆ ಕಲಿಸಿದ್ದು ಇದು. ಅಂದಿನಿಂದ ಯಾರೇ ಹಳೆಯ ಚಿತ್ರ ತಂದರೂ ಮೊದಲು ಕಣ್ಣಿನೊಳಗಿನ ಚುಕ್ಕೆ ನೋಡುತ್ತೇನೆ. ಎರಡು ಸಲ ನನ್ನ ಕೈ ಸಿಕ್ಕಿದೆ, ಒಂದು ಉದಗೀರದವರದು, ಒಂದು ಇಲ್ಲಿಯದೇ. ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದೆ. ಇಬ್ಬರೂ ಬೈದು ಹೋದರು. ಆದರೆ ನನ್ನ ದೆಸೆಯಿಂದ ಆ ಮನೆಗಳಲ್ಲಿ ಯಾರೂ ಹೊಸ್ತಿಲಿನ ಆಚೆ ಕೂರಲಿಲ್ಲ.