ಕುಲುಕಿ ತಂದ ನೀರು

ಅರವತ್ತೊಂದನೆಯ ಇಸವಿ. ಚಿಕ್ಕಬಳ್ಳಾಪುರದಲ್ಲಿ ಕುಡಿಯುವ ನೀರನ್ನು ಪರೀಕ್ಷಿಸುವ ಪುಟ್ಟ ಪ್ರಯೋಗಾಲಯವೊಂದರಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯ ಬಾವಿಗಳ ನೀರು ಬಾಟಲಿಗಳಲ್ಲಿ ನನ್ನ ಮೇಜಿಗೆ ಬರುತ್ತಿತ್ತು. ನನಗೆ ಇಪ್ಪತ್ತೇಳು ವರ್ಷ. ಎಂ.ಎಸ್ಸಿ. ಓದಿದ ಜಂಬ ಒಂದು ಕಡೆ, ಮೂಗಿನ ತುದಿಯಲ್ಲೇ ಕೋಪ ಇನ್ನೊಂದು ಕಡೆ.

ಆ ಬೇಸಿಗೆಯ ಒಂದು ಬೆಳಿಗ್ಗೆ ಅಂಬಾಜಿದುರ್ಗದ ಬುಡದ ಹಳ್ಳಿಯೊಂದರಿಂದ ಮುನಿಶಾಮಪ್ಪ ಎಂಬ ರೈತರು ಬಂದರು. ಚಿಂತಾಮಣಿಯಲ್ಲಿ ಬಸ್ಸು ಹತ್ತಿ, ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. ಅವರ ಕೇರಿಯ ಹೆಂಗಸರು ನೀರಿಗೆ ಒಂದು ಮೈಲಿ ನಡೆಯಬೇಕಾಗಿತ್ತು. ಊರ ಹಳೇ ಬಾವಿ ಹತ್ತು ವರ್ಷದಿಂದ ಪಾಳು. ಹೂಳೆತ್ತಿ ಮತ್ತೆ ಬಳಸೋಣವೆಂದರೆ ಕೊಳೆತ ಮೊಟ್ಟೆಯ ವಾಸನೆ. ಹಿರಿಯರು ಹೆದರಿದ್ದರು. ಆಫೀಸಿನವರು ಬರೆದುಕೊಟ್ಟರೆ ಮಾತ್ರ ಇಳಿಯುವುದೆಂದು ಊರಿನಲ್ಲಿ ತೀರ್ಮಾನವಾಗಿತ್ತು.

ಬಾಟಲಿ ಅರ್ಧ ಮಾತ್ರ ತುಂಬಿತ್ತು. ಇಂಥ ನೀರನ್ನು ತರುವ ಕ್ರಮವೇ ಬೇರೆ. ಬಾಟಲಿಯನ್ನು ನೀರಿನೊಳಗೇ ಅದ್ದಿ, ಕಂಠದವರೆಗೆ ತುಂಬಿಸಿ, ಒಂದು ಗುಳ್ಳೆಯಷ್ಟೂ ಗಾಳಿ ಉಳಿಯದಂತೆ ಬಿರಡೆ ಹಾಕಬೇಕು. ಏಕೆಂದರೆ ನೀರಿನಲ್ಲಿ ಕರಗಿದ ಅನಿಲ ಅಲುಗಾಟಕ್ಕೆ ಹೊರಗೆ ಬಂದುಬಿಡುತ್ತದೆ. ಸೋಡಾ ಬಾಟಲಿ ಕುಲುಕಿದವರಿಗೆಲ್ಲ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಆದರೂ ಅಷ್ಟು ದೂರದಿಂದ ಬಂದವರನ್ನು ವಾಪಸ್ ಕಳಿಸುವುದೇಕೆ ಎಂದು ತೆಗೆದುಕೊಂಡೆ. ಅದನ್ನು ಕರುಣೆ ಅಂತ ಬಹಳ ದಿನ ನಂಬಿದ್ದೆ. ಕರುಣೆಯೂ ಅಲ್ಲ, ಮಣ್ಣೂ ಅಲ್ಲ. ಮತ್ತೆ ಬೇರೆ ಬಾಟಲಿ ತರಿಸಿ ಕಾಯಲು ಸೋಮಾರಿತನ.

"ಸಾಮಿ, ಬಸ್ನಾಗೆ ಬರ್ತಾ ಏನಾಯ್ತು ಅಂದ್ರೆ..." ಎಂದು ಅವರು ಶುರು ಮಾಡಿದರು.

"ನೀನು ಸುಮ್ನಿರಯ್ಯ, ಏನಿದ್ರೂ ನೀರೇ ಹೇಳುತ್ತೆ," ಎಂದೆ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರನ್ನು ಏಕವಚನದಲ್ಲಿ ಗದರಿಸಿದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಬೆಂಚಿನ ಮೇಲೆ ಕುಳಿತರು.

ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲದ್ದು. ಅದು ಇದ್ದರೆ ಲೆಡ್ ಅಸಿಟೇಟ್ ಸವರಿದ ಕಾಗದ ಕಪ್ಪಾಗುತ್ತದೆ. ನನ್ನ ಕಾಗದ ಬೆಳ್ಳಗೇ ಉಳಿಯಿತು. ಮೂಸಿದೆ, ವಾಸನೆಯಿಲ್ಲ. ನೀರಿನಲ್ಲಿ ಹಾಲಿನ ತೊಟ್ಟು ಬಿದ್ದಂತೆ ತೆಳುವಾದ ಮಬ್ಬು ಕಂಡಿತು, ಧೂಳಿರಬೇಕು ಎಂದುಕೊಂಡೆ. 'ಹಾನಿಕಾರಕ ಅನಿಲ ಕಂಡುಬಂದಿಲ್ಲ' ಎಂದು ಬರೆದು ರುಜು ಹಾಕಿಕೊಟ್ಟೆ. ಮುನಿಶಾಮಪ್ಪ ಆ ಕಾಗದವನ್ನು ಕಣ್ಣಿಗೆ ಒತ್ತಿಕೊಂಡು ಜೇಬಿನಲ್ಲಿಟ್ಟುಕೊಂಡರು.

ಹತ್ತು ದಿನಗಳ ಮೇಲೆ ಚಿಂತಾಮಣಿಯಿಂದ ಸುದ್ದಿ ಬಂತು. ಬಾವಿಗಿಳಿದ ಒಬ್ಬರು ಸತ್ತಿದ್ದಾರೆ, ವಿಚಾರಣೆಗೆ ಬರಬೇಕು ಎಂದು. ಸತ್ತವರು ಕದಿರಪ್ಪ, ಮುನಿಶಾಮಪ್ಪನವರ ತಮ್ಮ.

ಬಾವಿಯ ಕಟ್ಟೆಯ ಬಳಿ ಊರಿನವರು ನಡೆದದ್ದನ್ನು ಹೇಳಿದರು. ಮೇಲಿನ ನೀರನ್ನು ಮೊದಲು ಸೇದಿ ಹಾಕಿದ್ದಾರೆ. ಪದ್ಧತಿಯಂತೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟಿದ್ದಾರೆ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಅಂದು ಆರಲಿಲ್ಲ. ಆರುವುದಾದರೂ ಹೇಗೆ? ತಳದ ನೀರನ್ನು ಇನ್ನೂ ಯಾರೂ ಕಲಕಿರಲಿಲ್ಲ. ಕದಿರಪ್ಪ ಇಳಿದು ಮೊಣಕಾಲುದ್ದ ನೀರಿನಲ್ಲಿ ನಿಂತು ಹೂಳಿಗೆ ಗುದ್ದಲಿ ಹಾಕಿದ್ದಾರೆ. "ಅಬ್ಬಬ್ಬಾ, ಏನ್ ಗಬ್ಬಣ್ಣೋ!" ಎಂದು ಕೂಗಿದರಂತೆ. ಮೇಲಿನವರು, ಹತ್ತಿ ಬಾ ಎಂದಿದ್ದಾರೆ. ಎರಡು ಗುದ್ದಲಿ ಹಾಕುವಷ್ಟರಲ್ಲಿ ಅವರೇ ನಕ್ಕು, "ವಾಸ್ನೆ ಹೋಯ್ತು ಕಣಣ್ಣಾ, ಈಗ ಏನೂ ಇಲ್ಲ," ಎಂದರಂತೆ.

ಹೈಡ್ರೋಜನ್ ಸಲ್ಫೈಡಿನ ಗುಣ ನನಗೆ ಗೊತ್ತಿತ್ತು. ಆ ಅನಿಲ ಹೆಚ್ಚಾದಾಗ ಮೊದಲು ಮೂಗನ್ನೇ ಸಾಯಿಸುತ್ತದೆ. ವಾಸನೆ ಹೋಗಿರಲಿಲ್ಲ, ವಾಸನೆ ಹಿಡಿಯುವ ಶಕ್ತಿ ಹೋಗಿತ್ತು. ಮರುಗಳಿಗೆ ಅವರು ಮುಖ ಕೆಳಗಾಗಿ ಬಿದ್ದಿದ್ದರು. ಧುಮುಕಲು ಹೋದ ಮುನಿಶಾಮಪ್ಪನವರನ್ನು ನಾಲ್ಕು ಜನ ಹಿಡಿದು ಎಳೆದಿದ್ದರು.

ಶಾಲೆಯ ಜಗಲಿಯಲ್ಲಿ ವಿಚಾರಣೆ ನಡೆಯಿತು. ಬಾವಿಯಲ್ಲಿದ್ದ ಅನಿಲ ಬಾಟಲಿಯಲ್ಲಿ ಏಕೆ ಇರಲಿಲ್ಲ ಎಂದು ವಿಚಾರಣೆಯ ಅಧಿಕಾರಿ ಕೇಳಿದರು. ಆಗ ಮುನಿಶಾಮಪ್ಪ ಎದ್ದು ನಿಂತರು.

"ಬಸ್ನಾಗೆ ಎಲ್ರೂ ಮೂಗು ಮುಚ್ಕೊಂಡ್ರು ಸಾಮಿ. ಕಂಡಕ್ಟ್ರು ಬೈದ. ಗಬ್ಬು ನೀರ್ನ ದೊಡ್ಡೋರ ಮುಂದೆ ಹೆಂಗಿಡೋದು ಅಂತ ಅರ್ಧ ಚೆಲ್ಲಿ, ಬಿರಡೆ ತೆಗ್ದು ಕುಲುಕ್ತಾ ಬಂದೆ. ಶಿಡ್ಲಘಟ್ಟ ದಾಟೋ ಹೊತ್ಗೆ ವಾಸ್ನೆ ಹೋಗಿತ್ತು. ನಮ್ಮನೇಲೂ ಗಬ್ಬು ನೀರನ್ನ ಬಿಂದಿಗೆಯಿಂದ ಬಿಂದಿಗೆಗೆ ಸುರುದೇ ಕುಡಿಯೋದು."

ನನಗೆ ಜೀವ ಬಂದಂತಾಯಿತು. ನಾಚಿಕೆಗೇಡು, ಆದರೆ ಆದದ್ದು ಹಾಗೆಯೇ. ನಾನು ಎದ್ದು ಪಾಠ ಮಾಡಿದೆ. ಕುಲುಕಿದ್ದರಿಂದ ಅನಿಲ ಹಾರಿಹೋಗಿದೆ, ಉಳಿದ ಚೂರುಪಾರನ್ನು ಗಾಳಿಯ ಆಮ್ಲಜನಕ ಗಂಧಕವಾಗಿಸಿದೆ, ಆ ಮಬ್ಬು ಅದೇ. ಬಾವಿಯಲ್ಲೂ ಗುದ್ದಲಿ ತಳವನ್ನು ಕಲಕಿದಾಗ ಹಾಗೆಯೇ ಅನಿಲ ಒಮ್ಮೆಗೇ ಎದ್ದಿದೆ. ಬಿಡಿಸಿ ಬಿಡಿಸಿ ಹೇಳಿದೆ. ಅಧಿಕಾರಿ ತಲೆಯಾಡಿಸಿ ಬರೆದುಕೊಂಡರು. ನನ್ನ ಮೇಲೆ ಒಂದು ಮಾತೂ ಬರಲಿಲ್ಲ.

ಮೂವತ್ತು ವರ್ಷಗಳ ಕೆಲಸದಲ್ಲಿ ಸಾವಿರಾರು ಬಾಟಲಿ ತೆರೆದಿದ್ದೇನೆ. ನೀರು ತಂದವರನ್ನು ಕೂರಿಸಿ, ದಾರಿಯಲ್ಲಿ ಏನಾಯಿತು ಎಂದು ಮೊದಲು ಕೇಳದೆ ಆಮೇಲೆ ಒಂದನ್ನೂ ತೆರೆಯಲಿಲ್ಲ. ಬಾಟಲಿಯ ನೀರು ಅರ್ಧ ಸತ್ಯ, ತಂದವರ ಮಾತು ಉಳಿದರ್ಧ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಆದರೆ ಈ ಪಾಠಕ್ಕೆ ಬೆಲೆ ತೆತ್ತವನು ನಾನಲ್ಲ.

ಅಂದು ಜಗಲಿಯಿಂದ ಇಳಿಯುವಾಗ ಮುನಿಶಾಮಪ್ಪ ನನ್ನ ಹಿಂದೆಯೇ ಬಂದಿದ್ದರು. ನನ್ನ ವಿವರಣೆ ಅವರಿಗೆ ಚೆನ್ನಾಗಿ ಅರ್ಥವಾಗಿತ್ತು.

"ಹಂಗಾರೆ ನಾನು ಕುಲುಕ್ದೆ ತಂದಿದ್ರೆ ನನ್ ತಮ್ಮ ಇರ್ತಿದ್ನಾ ಸಾಮಿ?"

ಅಂದು ನೀನು ಹೇಳಹೊರಟದ್ದನ್ನು ನಾನು ಕೇಳಿದ್ದರೆ ಇರುತ್ತಿದ್ದ. ಇದು ಸರಿಯಾದ ಉತ್ತರ, ನಾಲಿಗೆಯ ತುದಿಯವರೆಗೂ ಬಂದಿತ್ತು. "ಹಾಗೆಲ್ಲ ಹೇಳೋಕಾಗಲ್ಲಪ್ಪ," ಎಂದು ಜೀಪು ಹತ್ತಿದೆ.