ಸಕ್ಕರಿ ಪುಸ್ತಕದ ಕೊನೀ ಪುಟ

ಸಣ್ಣ ಹುಡುಗರ ಪುಸ್ತಕ ಮಾಡಾಕ ದೊಡ್ಡ ಮಂದಿ ಕೂಡಿದ್ರ ಏನಾಗತೈತಿ ಅಂತ ನೋಡಬೇಕಂದ್ರ ನಮ್ಮ ಸಾಲಿಗೆ ಬರ್ರಿ. ಉಗಾರ ಖುರ್ದದಿಂದ ಸ್ವಲ್ಪ ಒಳಗ, ಹೊಳೀ ದಂಡಿ ಮ್ಯಾಲಿನ ಊರು. ಸಾಲೀ ಗ್ವಾಡಿ ದಾಟಿದ್ರ ಕಬ್ಬು. ನಾ ಅಲ್ಲಿ ಒಂದನೇ ಕ್ಲಾಸಿನ ಟೀಚರು.

ಹೋದ ವರ್ಷ ಚಿಕ್ಕೋಡಿಯೊಳಗ ಒಂದು ಸಮಿತಿ ಆತು. ಹುಡುಗರಿಗೆ ಬರೀ ಕತಿ ಸಾಕಾಗಂಗಿಲ್ಲ, ತಮ್ಮ ಸುತ್ತಮುತ್ತಲಿನ ಖರೇ ಸಂಗತಿ ಹೇಳೂ ಚಿತ್ರದ ಪುಸ್ತಕ ಬೇಕು ಅಂದ್ರು. ಮಾತೇನೋ ಚಲೋ ಇತ್ತು. ಅಲ್ಲೀತನಕ ನಮ್ಮ ಸಾಲಿಗೆ ಬಂದ ಪುಸ್ತಕದಾಗ ಪೆಂಗ್ವಿನ್ ಇತ್ತು, ಹಿಮದ ಮನಿ ಇತ್ತು, ಆದ್ರ ನಮ್ಮ ಹುಡುಗರು ದಿನಾ ಬೆನ್ನ ಹತ್ತಿ ಕಬ್ಬು ಜಗ್ಗೂ ಟ್ರ್ಯಾಕ್ಟರ್ ಇರಲಿಲ್ಲ. ಸಕ್ಕರಿ ಎಲ್ಲಿಂದ ಬರತೈತಿ ಅನ್ನೂದರ ಮ್ಯಾಲ ನಾ ಬರೀತೀನಿ ಅಂದೆ. ಒಂದೊಂದು ಪುಟಕ್ಕ ಒಬ್ಬರ ಫೋಟೋ, ಬುಡಕ ಒಂದ ಸಾಲು. ಇವರು ಕಬ್ಬು ಹಚ್ಚತಾರ. ಇವರು ನೀರು ಹಾಯಸತಾರ. ಇವರು ಕಡೀತಾರ. ಇವರು ಹೇರತಾರ. ಹಿಂಗ ಸಕ್ಕರಿ ಡಬ್ಬೀತನಕ.

ಕಡಿಯೂ ಪುಟಕ್ಕ ನಮ್ಮ ಕ್ಲಾಸಿನ ಒಬ್ಬ ಹುಡುಗೀ ಅವ್ವನ್ನ ಕೇಳಿದೆ. ಆಕಿ ಕಬ್ಬಿನ ಗ್ಯಾಂಗಿನಾಗ ಕೊಯ್ತಾ, ಅಂದ್ರ ಕಬ್ಬು ಕಡಿಯೂ ಮಚ್ಚು, ಹಿಡದಾಕಿ. ನಾಳೆ ಮುಂಜಾನೆ ಹೊಲಕ್ಕ ಬರತೀನಿ, ನೀ ಕೆಲಸ ಮಾಡಕೋತ ಇರು, ಫೋಟೋ ತಗೀತೀನಿ ಅಂತ ಹೇಳಿ ಬಂದೆ.

ಮರುದಿನ ಹೋಗಿ ನೋಡತೀನಿ, ಅಯ್ಯ ನಮ್ಮವ್ವಾ! ಮದವ್ಯಾಗಿನ ಹಸರ ಸೀರಿ, ಮೂಗಿನ್ಯಾಗ ನತ್ತು, ತುರುಬಿನ್ಯಾಗ ಅಬೋಲಿ ಹೂವು, ಮಾರಿ ತುಂಬ ಪಾವಡರ್. ಕೊಯ್ತಾಕ್ಕೂ ಬೂದಿ ಹಚ್ಚಿ ತಿಕ್ಕಿ, ದಸರಾದಾಗ ಖಂಡೆ ಪೂಜಿಗೆ ಇಟ್ಟಂಗ ಅರಿಷಿಣ ಕುಂಕುಮ ಏರಿಸ್ಯಾಳ.

"ಏನವಾ, ಕಬ್ಬು ಕಡಿಯಾಕ ಬಂದೀಯೋ, ಬೀಗರ ಮನಿಗೆ ಹೊಂಟೀಯೋ?" ಅಂದೆ.

"ಪುಸ್ತಕದಾಗ ಬರೂದಲ್ರೀ ಟೀಚರ್. ಹುಡುಗೂರು ಓದತಾವ. ಹರಕ ಸೀರಿ ಮ್ಯಾಲ ಬರಲೇನ್ರಿ?" ಅಂದ್ಲು.

ಖರೇನ ಐತಿ. ನಮ್ಮ ಕಡೆ ತೊಟ್ಟಿಲ ಕೂಸಿಗೂ ಪಾವಡರ್ ಹಚ್ಚಿ, ಗಲ್ಲಕ್ಕ ಕಾಡಿಗಿ ಬೊಟ್ಟಿಟ್ಟ ಮ್ಯಾಲೆ ಫೋಟೋ. ಆಕಿ ಸೆರಗು ಸಿಕ್ಕಿಸಿ ಕಬ್ಬಿಗೆ ಕೈ ಹಾಕಿದ್ಲು, ನಾ ತಗದೆ. ಅಷ್ಟು ಚಂದನ ಫೋಟೋ ನನ್ನ ಮದವ್ಯಾಗೂ ಬಂದಿರಲಿಲ್ಲ. ಅವತ್ತಿಂದ ಆಕಿ ಮಗಳು ಸಾಲಿ ತುಂಬ ಸಾರಿದ್ದ ಸಾರಿದ್ದು: ನಮ್ಮವ್ವ ಪುಸ್ತಕದಾಗ ಬರತಾಳ, ನಮ್ಮವ್ವ ಪುಸ್ತಕದಾಗ ಬರತಾಳ.

ಸಮಿತೀ ಅಧ್ಯಕ್ಷರು ಫೋಟೋ ನೋಡಿ ಮೂಗು ಮುರದ್ರು. "ಕೂಲೀ ಹೆಂಗಸು ಹಿಂಗಿರತಾಳೇನ್ರಿ? ಇದರಾಗ ನೈಜತೆ ಇಲ್ಲ. ಹಳೇ ಸೀರಿ ಉಡಸ್ರಿ, ಮಾರಿ ಸ್ವಲ್ಪ ಬಾಡಿರಲಿ." ಮೀಸಿಗೆ ಕರೇ ಬಣ್ಣ ಬಳಕೊಂಡು ಬಂದ ಮನಶಾ ನನಗ ನೈಜತೆ ಹೇಳಾಕತ್ತಿದ್ದ! ಮಗ್ಗಲದಾಗ ಕುಂತವರು ಭಜಿ ತಿನಕೋತ ಹೂಂ ಹೂಂ ಅಂದ್ರು. ಅವರಾಗ ಒಬ್ಬರೂ ಒಂದನೇ ಕ್ಲಾಸಿನ ಹುಡುಗನ್ನ ತೊಡೀ ಮ್ಯಾಲ ಕುಂದರಿಸಿಕೊಂಡು ಒಂದು ಪುಟ ತೋರಿಸಿದವರಲ್ಲ. ಬಡವರು ಬಡವರಂಗ ಕಾಣಬೇಕು, ಇಲ್ಲಂದ್ರ ಇವರಿಗೆ ತಿಂದದ್ದು ಕರಗಂಗಿಲ್ಲ. ಹಾಕಿದ್ರ ಇದನ್ನ ಹಾಕ್ರಿ, ಆಕೀನ್ನ ಹರಕ ಸೀರ್ಯಾಗ ನಿಂದರಸಾಕ ನನ್ನ ಕಡಿಂದ ಆಗಂಗಿಲ್ಲ ಅಂದೆ. "ಆತು, ನೋಡೂಣ್ರಿ" ಅಂದ್ರು.

ಅವರು ನೋಡಿದ್ದು ಏನು ಅಂತ ಪುಸ್ತಕ ಬಂದಾಗ ತಿಳೀತು. ಕಬ್ಬು ಕಡಿಯೂ ಪುಟದಾಗ ಫೋಟೋನ ಇಲ್ಲ. ಯಾರೋ ಬರದ ಚಿತ್ರ: ಹರಕ ಸೀರಿ, ಒಳಗ ಹೋದ ಗಲ್ಲ, ಈಗ ಅತ್ತಾಳು ಅನ್ನೂವಂಥ ಮಾರಿ. ಕೈಯಾಗ ಹುಲ್ಲು ಕೊಯ್ಯೂ ಕುಡಗೋಲು. ಥೂ! ಕೊನೀ ಪುಟ ಅಂತೂ ಕೇಳಬ್ಯಾಡ್ರಿ. ಪುಟದ ತುಂಬ ಸಮಿತಿಯವರ ಫೋಟೋ. ಜರೀ ಶಾಲು, ಗುಲಾಬಿ ಮಾಲಿ, ತಲೀ ಮ್ಯಾಲ ಪೇಟಾ, ನಟ್ಟನಡುವ ಆ ಬಣ್ಣದ ಮೀಸಿ. ನೈಜತೆ ಬರೇ ಕಬ್ಬು ಕಡಿಯಾಕಿಗೆ ಬೇಕಿತ್ತು, ಇವರಿಗೆ ಬೇಕಾಗಿರಲಿಲ್ಲ.

ಕ್ಲಾಸಿನಾಗ ಆ ಹುಡುಗಿ ಪುಸ್ತಕ ತೊಡೀ ಮ್ಯಾಲ ಇಟಗೊಂಡು, ಬೆರಳಿಗೆ ಉಗುಳು ಹಚ್ಚಿ ಒಂದೊಂದ ಪುಟ ತಿರುವಿದ್ಲು. ಉಳದ ಹುಡುಗೂರು ಸುತ್ತ ಮುತ್ತಿದ್ವು. ಕಡಿಯೂ ಪುಟ ಬಂತು. ಆಕಿ ಆ ಹರಕ ಸೀರಿಯಾಕೀನ್ನ ನೋಡಿ ಮುಂದ ತಿರುವಿದ್ಲು, ಮತ್ತ ಹಿಂದ ತಿರುವಿದ್ಲು. "ಏ ಸುಳ್ಳಬುರಕಿ, ಎಲ್ಲಿ ಅದಾಳ ನಿಮ್ಮವ್ವ?" ಅಂತ ಹುಡುಗೂರು ನಗಾಕತ್ತಿದ್ವು. ನನಗ ಆ ಸಮಿತಿಯವರನ್ನ ಅಲ್ಲೇ ಎಳದು ತಂದು ಆಕಿ ಮುಂದ ಕುಂದರಸಬೇಕು ಅನಸ್ತು. ಆಕಿ ಅಳಲಿಲ್ಲ. ತಿರುವಕೋತ ಕೊನೀ ಪುಟಕ್ಕ ಬಂದು ಪೇಟಾದ ಮ್ಯಾಲ ಬೆರಳು ಇಟ್ಟಳು.

"ಟೀಚರ್, ಇವರು ಏನ ಮಾಡತಾರ್ರಿ?"

ಪುಸ್ತಕದಾಗ ಎಲ್ಲಾರೂ ಏನರ ಮಾಡತಿದ್ರು. ಈ ಪುಟಕ್ಕ ಮಾತ್ರ ಅಂಥ ಸಾಲು ಇರಲಿಲ್ಲ.

"ಏನೂ ಮಾಡಂಗಿಲ್ಲವಾ" ಅಂದೆ.

"ಹಂಗಾರ ಇಲ್ಲಿ ನಮ್ಮವ್ವನ್ನ ಹಚ್ಚೂಣ್ರಿ."

ಕಾಗವಾಡದ ಸ್ಟುಡಿಯೋಕ್ಕ ಹೋಗಿ ಫೋಟೋ ದೊಡ್ಡದು ಮಾಡಿಸಿ ತಂದೆ. ಬಿಸಿಯೂಟದ ಒಲೀ ಮ್ಯಾಲ ಮೈದಾ ಹಿಟ್ಟಿನ ಅಂಟು ಕುದಿಸಿದೆ. ಸಾಲಿಗೆ ಬಂದ ಎಲ್ಲಾ ಪುಸ್ತಕದಾಗೂ ಕೊನೀ ಪುಟದ ಮ್ಯಾಲ ಹಸರ ಸೀರಿ ಕುಂತಿತು. ಬುಡಕ ದೊಡ್ಡ ಅಕ್ಷರದಾಗ ಬರದೆ: ಇವರು ಕಬ್ಬು ಕಡೀತಾರ. ಆಕಿ ಅವ್ವ ಸಂಜಿಗೆ ಬಂದು ನೋಡಿ, "ನತ್ತು ಚಲೋ ಕಾಣಾಕತ್ತೈತಲ್ರಿ" ಅಂತ ಸೆರಗ ಬಾಯಿಗೆ ಹಿಡದು ನಕ್ಕಳು.

ಮೊನ್ನೆ ಅಧ್ಯಕ್ಷರು ಸಾಲಿಗೆ ಬಂದ್ರು. ಹುಡುಗರನ್ನ ಮಾತಾಡಸಲಿಲ್ಲ. ಪುಸ್ತಕ ತಗೊಂಡವರನ ಸೀದಾ ಕೊನೀ ಪುಟ ತಗದ್ರು. ಮೀಸಿ ಸಿಗಲಿಲ್ಲ. ಉಗುರಿಲೆ ಮೂಲಿ ಕೆರದು ನೋಡಿದ್ರು, ನನ್ನ ಅಂಟು ಬಿಡಲಿಲ್ಲ.

"ಯಾರ್ರೀ ಈಕಿ?" ಅಂತ ನನ್ನ ಮ್ಯಾಲ ಚೀರಿದ್ರು.

ನಾ ಬಾಯಿ ತಗಿಯೂದರಾಗ ಹುಡುಗಿ ಎದ್ದು ನಿಂತ್ಲು. ದೊಡ್ಡವರು ಕೇಳಿದ್ರ ಎದ್ದು ನಿಂತು ನೆಟ್ಟಗ ಉತ್ತರ ಕೊಡಬೇಕು ಅಂತ ನಾನ ಕಲಿಸೇನಿ.

"ನಮ್ಮವ್ವ ರೀ. ನೀವೂ ಅದೀರ್ರಿ, ಆಕಿ ಬುಡಕ."