ಎಂಜಿನಿಗೆ ಕುಡಿಸಿದ ಹಾಶಿಂ

“ಕುಡಿದದ್ದು ಎಂಜಿನು. ಹಾಗಾದರೆ ಪಾಪ ಯಾರಿಗೆ, ಮಾಸ್ಟ್ರೇ?”

ಬಿಜೈ ಎಂಬಲ್ಲಿದ್ದ ತನ್ನ ಗ್ಯಾರೇಜಿನಲ್ಲಿ ನಿಂತು ಹಾಶಿಂ ಹೀಗೆ ಕೇಳಿದ್ದು ನನ್ನನ್ನು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಪೆಟ್ರೋಲು ಹೇಗೆ ಉರಿಯುತ್ತದೆಂದು ವಿವರಿಸಬಲ್ಲೆ. ಪಾಪ ಯಾರಿಗೆ ಅಂಟುತ್ತದೆಂಬುದು ನನ್ನ ಪುಸ್ತಕಗಳಲ್ಲಿ ಇಲ್ಲ.

ಹಾಶಿಂ ವಿನಯವಂತನಾಗಿರಲಿಲ್ಲ. ಒಮ್ಮೆ ಒಂದು ಟ್ಯಾಕ್ಸಿಯ ಪಿಸ್ಟನನ್ನು ತಾನೇ ಸುಟ್ಟು, ಸಾಯುವವರೆಗೂ ಅದು ಪೆಟ್ರೋಲಿನ ದೋಷವೆಂದೇ ವಾದಿಸಿದವನು. ಆದರೆ ರೇಮಂಡ್ ಎಂಬ ಕಾಫಿ ವ್ಯಾಪಾರಿ ತನ್ನ ಎರಡು ಸೀಟಿನ ಇಂಗ್ಲಿಷ್ ರೇಸು ಕಾರನ್ನು ಅವನ ಹೊರತು ಯಾರ ಕೈಗೂ ಕೊಡುತ್ತಿರಲಿಲ್ಲ.

೧೯೬೧ರಲ್ಲಿ ಕಾವೂರಿನಾಚೆಯ ಏರುರಸ್ತೆಯಲ್ಲಿ ನಡೆಯಲಿದ್ದ ಮೋಟಾರು ಸ್ಪರ್ಧೆಗಾಗಿ ಹಾಶಿಂ ಆ ಕಾರಿನ ಸಿಲಿಂಡರ್ ಹೆಡ್ಡನ್ನು ತೇಯಿಸಿ ಒಳಗಿನ ಒತ್ತಡವನ್ನು ಏರಿಸಿದ್ದ. ಬಲ ಹೆಚ್ಚಿತು, ಜೊತೆಗೆ ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದೂ ಹುಟ್ಟಿತು. ನಮ್ಮೂರಿನ ಪೆಟ್ರೋಲು ಅಷ್ಟು ಒತ್ತಡವನ್ನು ತಾಳದೆ ಹೊತ್ತಿಗೆ ಮೊದಲೇ ಸಿಡಿಯುತ್ತಿತ್ತು. ಇಂಧನದ ಈ ತಾಳಿಕೆಯನ್ನೇ ಆಕ್ಟೇನ್ ಎಂಬ ಸಂಖ್ಯೆಯಿಂದ ಅಳೆಯುತ್ತಾರೆ. ಅದನ್ನು ಏರಿಸಲೆಂದು ವಿಲಾಯತಿನಿಂದ ಬರುತ್ತಿದ್ದ ದ್ರವದ ಟಿನ್ನುಗಳು ನೂರ್ ಮುಹಮ್ಮದ್ ಹಾಜಿಯವರ ಮೋಟಾರು ಸಾಮಾನಿನ ಅಂಗಡಿಯಲ್ಲಿ ದೊರೆಯುತ್ತಿದ್ದವು. ಟಿನ್ನಿನ ಹೊರಗೆ ಗರ್ಜಿಸುವ ಸಿಂಹವಿತ್ತು. ಒಳಗೇನಿದೆಯೆಂದು ಎಲ್ಲೂ ಬರೆದಿರಲಿಲ್ಲ.

“ಸಿಂಹ ನೋಡಿ ನಾನು ಹಾಕುದಿಲ್ಲ,” ಎಂದ ಹಾಶಿಂ, ಬಡಗಿಗಳು ಪಾಲಿಶಿಗೆ ಬಳಸುವ ಸ್ಪಿರಿಟನ್ನು ತಂದ; ಆಲ್ಕೊಹಾಲೇ ಆದ ಅದೂ ಆಕ್ಟೇನನ್ನು ಏರಿಸುತ್ತದೆ. ಜಿಲ್ಲೆಯಲ್ಲಿ ಪಾನನಿಷೇಧವಿದ್ದ ಕಾಲ ಅದು. ಅವನು ಅದನ್ನು ಪೆಟ್ರೋಲಿಗೆ ಬೆರೆಸಿದ ಮಿಶ್ರಣವನ್ನು ನಾನು ಸೀಸೆಯಲ್ಲಿಟ್ಟು ನೋಡಿದೆ. ಸ್ಪಿರಿಟಿನಲ್ಲಿದ್ದ ನೀರಿನಿಂದಾಗಿ ಪೆಟ್ರೋಲು ಬೇರೆ ಪದರವಾಗಿ ನಿಂತಿತು. ಅವನು ಸೀಸೆಗೆ ಬೈದ. ಸುಟ್ಟ ಚಿಪ್ಪಿನ ಸುಣ್ಣ ನೀರನ್ನು ಹೀರುತ್ತದೆಂದು ನಾನೇ ಸೂಚಿಸಿದೆ. ಸುಣ್ಣದ ಜಾಡಿಯಲ್ಲಿ ನೆನೆದು ತಿಳಿಯಾದ ಸ್ಪಿರಿಟು ಪೆಟ್ರೋಲಿನೊಡನೆ ಒಂದಾಯಿತು.

ಸ್ಪರ್ಧೆಯ ದಿನ ಕಾರು ಆ ಕಲ್ಲಿನ ಸದ್ದಿಲ್ಲದೆ ಏರಿ ಎಲ್ಲರನ್ನೂ ಹಿಂದೆ ಹಾಕಿತು. ಎಂತ ಹಾಕಿದ್ದೆಂದು ಜನ ಮುತ್ತಿಕೊಂಡಾಗ ಹಾಶಿಂ ಬಾನೆಟ್ಟಿನ ಮೇಲೆ ಕೈಯಿಟ್ಟು, “ಸ್ಪಿರಿಟ್!” ಎಂದು ಕೂಗಿ ಹೇಳಿದ.

ಆ ಒಂದು ಮಾತು ಸಾಕಾಯಿತು. ಅವನ ಗ್ಯಾರೇಜು ನಿಂತಿದ್ದದ್ದು ಮಸೀದಿಯ ಜಾಗದಲ್ಲಿ. ಅಮಲಿನ ವಸ್ತುವನ್ನು ಅಲ್ಲಿ ತಂದಿಟ್ಟದ್ದು ತಪ್ಪೆಂದು ಮಸೀದಿಗೆ ಸೇರಿದವರ ಜಮಾತಿನ ಸಭೆಯಲ್ಲಿ ಒಪ್ಪಬೇಕು, ಇಲ್ಲವೆ ಜಾಗ ಬಿಡಬೇಕು ಎಂಬ ಮಾತು ಎದ್ದಿತು. ಮಸೀದಿ ಕಮಿಟಿಯ ಅಧ್ಯಕ್ಷರಾಗಿದ್ದ ನೂರ್ ಮುಹಮ್ಮದ್ ಹಾಜಿ ಸಭೆಗೆ ಮೊದಲು ತಾವೇ ಗ್ಯಾರೇಜಿಗೆ ಬಂದರು. ನಾನೂ ಅಲ್ಲಿದ್ದೆ.

“ಎಂತ ಮಾರಾಯ, ಡಂಗುರ ಹೊಡೆದ ಹಾಗೆ ಹೇಳುದಾ?”

“ಕೇಳಿದರು, ಹೇಳಿದೆ ಹಾಜಿಯವರೇ.”

“ನಮ್ಮ ಅಂಗಡಿಯ ಟಿನ್ ಹಾಕಿದ್ದು, ತಮಾಷೆಗೆ ಹಾಗೆ ಹೇಳಿದ್ದು ಅಂತ ಹೇಳಿಬಿಡು. ಕಮಿಟಿಯವರನ್ನು ನಾನು ನೋಡಿಕೊಳ್ತೇನೆ. ನಿನ್ನ ಗ್ಯಾರೇಜೂ ಉಳೀತದೆ, ನನಗೂ ವ್ಯಾಪಾರ ಆಗ್ತದೆ.”

“ಹಾಕದ್ದನ್ನು ಹಾಕಿದೆ ಅಂತ ನನ್ನ ಬಾಯಲ್ಲಿ ಬರುದಿಲ್ಲ.”

“ಹಾಗಾದರೆ ತಪ್ಪಾಯ್ತು ಅಂತ ಹೇಳು.”

“ಎಂತ ತಪ್ಪು? ನನ್ನ ಬಾಯಿ ಮೂಸಿ ನೋಡಿ!” ಎನ್ನುತ್ತ ಅವನು ನನ್ನತ್ತ ತಿರುಗಿ ಕೇಳಿದ ಪ್ರಶ್ನೆಯೇ ನಾನು ಆರಂಭದಲ್ಲಿ ಹೇಳಿದ್ದು. ನಾನು, ಸುಣ್ಣದ ಉಪಾಯ ನನ್ನದೆಂದು ಹಾಜಿಯವರಿಗೆ ತಿಳಿಸಿದೆ.

“ನೀವು ನಮ್ಮ ಜಮಾತಿನವರಲ್ಲವಲ್ಲ, ಮಾಸ್ಟ್ರೇ. ನಿಮ್ಮ ಪಾಪ ನಿಮ್ಮವರು ನೋಡಿಕೊಳ್ಳಲಿ,” ಎಂದರು ಅವರು. ಹಾಶಿಂ ನಕ್ಕ, ಹಾಜಿಯವರೂ ತಡೆಯಲಾರದೆ ನಕ್ಕರು. ಆದರೆ ಹೊರಡುವಾಗ ಅವರ ಮುಖ ಗಂಭೀರವಾಗಿತ್ತು. ಅವರ ನಂಬಿಕೆ ನಟನೆಯಾಗಿರಲಿಲ್ಲ.

ಸಭೆಯಲ್ಲಿ ಹಾಶಿಂ ತಪ್ಪೊಪ್ಪಲಿಲ್ಲ. ಜಾಗ ಬಿಟ್ಟ. ಕಾವೂರಿನ ಕೆರೆಯ ಬಳಿ ತೆಂಗಿನ ಮಡಲಿನ ಮಾಡು ಹಾಕಿ ಹೊಸ ಗ್ಯಾರೇಜು ತೆರೆದು, ಸುಣ್ಣದ ಜಾಡಿಯನ್ನು ರಸ್ತೆಗೆ ಕಾಣುವಂತೆ ಬಾಗಿಲಲ್ಲೇ ಇಟ್ಟ. ಬಿಜೈಯ ಟ್ಯಾಕ್ಸಿಗಳು ಆ ಕಡೆ ಸುಳಿಯಲಿಲ್ಲ, ಮನೆಯಲ್ಲಿ ಕಷ್ಟವಾಯಿತು. ಆದರೂ ಶುಕ್ರವಾರ ಬಂದರೆ ಒಗೆದ ಬಿಳಿ ಅಂಗಿ ತೊಟ್ಟು ಬಿಜೈಯ ಅದೇ ಮಸೀದಿಗೆ ಹೋಗಿ ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದ. ಸಾಲಿನಲ್ಲಿ ಜಾಗ ಕೊಡದವರಿಲ್ಲ, ಆದರೆ ಮಾತಾಡಿಸಿದವರು ಕಡಿಮೆ.

೧೯೬೭ರಲ್ಲಿ ಜ್ವರ ಬಂದು ಅವನು ತೀರಿಕೊಂಡ. ಕೆಲವು ತಿಂಗಳ ಬಳಿಕ ಅವನ ಹೆಂಡತಿ ನಾಝಿಮಾ ಸಲಕರಣೆಗಳನ್ನು ವಿಂಗಡಿಸಲು ನನ್ನನ್ನು ಕರೆದರು. ಪೆಟ್ಟಿಗೆಯ ತಳದಲ್ಲಿ ಸಿಂಹದ ಟಿನ್ನೊಂದಿತ್ತು, ಸೀಲು ಒಡೆದಿತ್ತು. ನನ್ನ ಸಂಶಯದ ಬುದ್ಧಿ ಕೂಡಲೇ ಎಚ್ಚೆತ್ತಿತು: ಅಂದು ಕಾರಿಗೆ ಹಾಕಿದ್ದು ಇದನ್ನೇ ಇರಬಹುದೆ? ಆ ಹಟವೆಲ್ಲ ಒಂದು ಸುಳ್ಳಿನ ಕಾವಲೆ? ಆದರೆ ಟಿನ್ನು ಬಹುತೇಕ ತುಂಬಿಯೇ ಇತ್ತು. ಸುರತ್ಕಲ್ಲಿನ ಕಾಲೇಜಿನಲ್ಲಿದ್ದ ಸ್ನೇಹಿತನೊಬ್ಬನಿಂದ ಅದನ್ನು ಪರೀಕ್ಷೆ ಮಾಡಿಸಿದೆ. ಮುಕ್ಕಾಲು ಪಾಲು ಆಲ್ಕೊಹಾಲು.

ಹೇಳಿದಾಗ ನಾಝಿಮಾ ಚಕಿತರಾಗಲಿಲ್ಲ.

“ಸಭೆಯ ಹಿಂದಿನ ದಿನ ತಂದದ್ದು ಅದು, ಮಾಸ್ಟ್ರೇ. ಬಸಿಯಲ್ಲಿ ಸ್ವಲ್ಪ ಹಾಕಿ ನೀರು ಸೇರಿಸಿದರು, ಎರಡೂ ಒಂದಾಯ್ತು. ಬೇರೆ ಬಸಿಯಲ್ಲಿ ಬೆಂಕಿ ಕೊಟ್ಟರು, ನೀಲಿಯಾಗಿ ಉರೀತು. ಹಾಜಿಯವರು ಮಾರುದೂ ಸ್ಪಿರಿಟೇ ಅಂತ ಸಭೆಯಲ್ಲಿ ಹೇಳಿ, ಜಾಗ ಉಳೀತದೆ ಅಂದೆ ನಾನು. ‘ತಪ್ಪೇ ಅಲ್ಲ ಅಂತ ಹೇಳ್ಲಿಕ್ಕೆ ಹೋಗುವವ ನಾನು, ಅವರದ್ದು ತಪ್ಪು ಅಂತ ಹೇಳಿ ಬರುದಾ?’ ಅಂದು ಮುಚ್ಚಳ ಹಾಕಿದರು.”